ತಲೆ ಯಾವುದು ಎಂದು ಕೇಳಿದವರು

ಆ ಕೋಣೆಗೆ ಕಾಲಿಟ್ಟವರೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇದರಲ್ಲಿ ತಲೆ ಯಾವುದು?” ಪ್ರಿನ್ಸಿಪಾಲರು ಕೇಳಿದರು, ಗಣಿತದ ಮೇಷ್ಟ್ರು ಕೇಳಿದರು, ಕ್ಯಾಂಟೀನಿನಿಂದ ಟೀ ತಂದ ಹೆಂಗಸೂ ಕೇಳಿದಳು. ಬೆಂಚಿನ ಮೇಲೆ ಸಾಲಾಗಿ ಕೂತ ಒಂದು ಡಜನ್ ಹಳೆಯ ಕಂಪ್ಯೂಟರುಗಳು ಸೇರಿ ಒಂದೇ ಕೆಲಸ ಮಾಡುತ್ತಿವೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ. ಅವುಗಳಿಗೆ ಕಾಯಂ ಯಜಮಾನ ಇಲ್ಲ, ಅವೇ ತಮ್ಮನ್ನು ನೋಡಿಕೊಳ್ಳುತ್ತವೆ ಎಂದರೆ ಮಾತ್ರ, ಮನೆಯಲ್ಲಿ ಗಂಡಸರಿಲ್ಲವೇ ಎಂದು ಕೇಳುವವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಇಷ್ಟು ವರ್ಷ ಕಳೆದರೂ ಆ ನೋಟ ನೆನಪಾದರೆ ಮೈ ಉರಿಯುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ದಿಂಡಿಗಲ್ ಊರಾಚೆ, ಬಯಲಿನ ನಡುವೆ ಎದ್ದು ನಿಂತಿದ್ದ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ, ಲ್ಯಾಬನ್ನೂ ನೋಡಿಕೊಳ್ಳುತ್ತಿದ್ದೆ. ನಮ್ಮೂರು ಕಂಬಂ ಕಣಿವೆಯಲ್ಲಿ, ಓಡೈಪಟ್ಟಿಯ ಹತ್ತಿರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕರಿಹಲಗೆಯ ಮುಂದೆ ನಿಂತರೆ ಇಂಗ್ಲಿಷು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ದೊಡ್ಡವಳಾದ ಮೇಲೆ, ಯಾರೂ ಕಲಿಸಲಿಲ್ಲ ಎಂಬ ಸಿಟ್ಟಿನಿಂದಲೇ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು. ನನ್ನ ಅವ್ವ ಹೇಳುತ್ತಿದ್ದಳು, ಹಾಲು ತಡವಾದರೆ ತೊಟ್ಟಿಲನ್ನೇ ಒದೆಯುತ್ತಿದ್ದೆನಂತೆ.

ಕಂಪ್ಯೂಟರುಗಳು ಒಂದು ನೂಲಿನ ಗಿರಣಿಯ ಕಚೇರಿಯವರು ಹಳೆಯದಾಯಿತೆಂದು ಎತ್ತಿ ಕೊಟ್ಟಂಥವು. ಒಳಗೆ ಹತ್ತಿಯ ಧೂಳು ಗೂಡು ಕಟ್ಟಿತ್ತು. ಕಾಲೇಜಿನವರಿಗೆ ಅವು ಬೇಕಿರಲಿಲ್ಲ, ಹೊಸದು ಕೊಳ್ಳುವ ಮನಸ್ಸೂ ಇರಲಿಲ್ಲ. ನನಗೆ ಬೇಕಿತ್ತು. ಯಾಕೆಂದರೆ ಸಿವಿಲ್ ವಿಭಾಗದ ನನ್ನ ಗೆಳತಿಗೆ ಬೇಕಿತ್ತು.

ಗೆಳತಿಯ ವಿಷಯ ಹೇಳಬೇಕು. ದಿಂಡಿಗಲ್ಲಿನ ಸುತ್ತ ಚರ್ಮ ಹದ ಮಾಡುವ ಕಾರ್ಖಾನೆಗಳಿವೆ. ಅಲ್ಲಿಂದ ಹೊರಟ ಉಪ್ಪುನೀರು ನೆಲದೊಳಗೆ ಯಾವ ಕಡೆ ಹರಿಯುತ್ತದೆ, ಎಷ್ಟು ಕಾಲಕ್ಕೆ ಯಾವ ಬಾವಿಗೆ ಮುಟ್ಟುತ್ತದೆ ಎಂಬುದು ಅವಳ ಸಂಶೋಧನೆ. ಅವಳ ಸ್ವಂತ ಊರಿನ ಬಾವಿ ಆಗಲೇ ಕೆಟ್ಟಿತ್ತು. ಆ ನೀರಲ್ಲಿ ಅನ್ನ ಬೇಯಿಸಿದರೆ ಅನ್ನ ಹಳದಿಗೆ ತಿರುಗುತ್ತಿತ್ತು. ವರ್ಷಗಟ್ಟಲೆ ಬಿಸಿಲಲ್ಲಿ ತಿರುಗಿ ಬಾವಿ ಬಾವಿಯ ನೀರು ತಂದು ಪರೀಕ್ಷೆ ಮಾಡಿದ್ದಳು. ಉಳಿದಿದ್ದದ್ದು ಲೆಕ್ಕ. ಒಂದೇ ಲೆಕ್ಕವನ್ನು ಬೇರೆ ಬೇರೆ ಊಹೆಗಳಿಟ್ಟು ಸಾವಿರಾರು ಸಲ ಮಾಡಬೇಕು. ಒಂದು ಕಂಪ್ಯೂಟರಿಗೆ ಕೊಟ್ಟರೆ ಅದು ವರ್ಷವಾದರೂ ಮುಗಿಸುತ್ತಿರಲಿಲ್ಲ. ವಿಶ್ವವಿದ್ಯಾಲಯ ಅವಳಿಗೆ ಕೊನೆಯ ಗಡುವು ಕೊಟ್ಟಾಗಿತ್ತು, ಇನ್ನು ವಿಸ್ತರಣೆ ಇಲ್ಲ. ಆ ಮಾರ್ಚಿನೊಳಗೆ ಪ್ರಬಂಧ ಸಲ್ಲಿಸಿದರೆ ಡಾಕ್ಟರೇಟು, ಡಾಕ್ಟರೇಟು ಬಂದರೆ ಕೆಲಸ ಕಾಯಂ. ಇಲ್ಲದಿದ್ದರೆ ಹಂಗಾಮಿ ಉಪನ್ಯಾಸಕಿಯ ಆ ಕೆಲಸವೂ ಇಲ್ಲ. ಮನೆಯಲ್ಲಿ ಅವಳ ದುಡಿಮೆಯನ್ನೇ ನೆಚ್ಚಿಕೊಂಡ ಅಮ್ಮ ಇದ್ದರು. ಇಷ್ಟೆಲ್ಲ ತಲೆಯ ಮೇಲಿದ್ದರೂ ಅವಳು ಯಾರೊಂದಿಗೂ ಒಂದು ಗಟ್ಟಿ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಪ್ಯೂನ್ ಗದರಿದರೂ “ಸಾರಿ ಅಣ್ಣಾ” ಅನ್ನುವವಳು.

ನಾನು ಆ ಹನ್ನೆರಡನ್ನೂ ಒಂದೇ ತಂತಿಗೆ ಕಟ್ಟಿದೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ತಂತ್ರಾಂಶದ ಸಿ.ಡಿ.ಯನ್ನು ಎಲ್ಲದಕ್ಕೂ ಹಾಕಿದೆ. ಮೊದಲು ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ: ಒಂದು ಯಂತ್ರ ತಲೆ, ಮಿಕ್ಕವು ಕೈಕಾಲು. ತಲೆ ಕೆಲಸ ಹಂಚುತ್ತದೆ, ಕೈಕಾಲುಗಳು ಮಾಡಿ ಒಪ್ಪಿಸುತ್ತವೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಲ್ಲ, ಬರುವಾಗಲೂ ನೆಟ್ಟಗೆ ಬರುವುದಿಲ್ಲ. ಹೋಗಿ ಬಂದ ಮೇಲೆ ಒಂದಲ್ಲ ಒಂದು ಯಂತ್ರ ಮುನಿಸಿಕೊಂಡು ಕೂರುತ್ತಿತ್ತು. ಕೈಕಾಲು ಮುನಿದರೆ ಅಡ್ಡಿಯಿಲ್ಲ. ತಲೆ ಮುನಿಯಿತೋ, ಹನ್ನೊಂದು ಯಂತ್ರಗಳು ಗಟ್ಟಿಮುಟ್ಟಾಗಿದ್ದೂ ಅಪ್ಪಣೆಗಾಗಿ ಕಾಯುತ್ತ ಕೈಕಟ್ಟಿ ಕೂರುತ್ತಿದ್ದವು. ಶನಿವಾರ ಸಂಜೆ ತಲೆ ಹೋದರೆ ಸೋಮವಾರ ನಾನು ಬಂದು ಬೀಗ ತೆಗೆಯುವವರೆಗೂ ಅಷ್ಟೇ. ಗೆಳತಿ ಪರದೆ ನೋಡುತ್ತಿದ್ದಳು. ಬುತ್ತಿ ಬಿಚ್ಚದೆ ಹಾಗೇ ಕೂತಿರುತ್ತಿದ್ದಳು. ಅದನ್ನು ನೋಡಿ ನನಗೆ ಆ ಹನ್ನೊಂದರ ಮೇಲೆ ಸಿಟ್ಟು ಬರುತ್ತಿತ್ತು. ಕಣ್ಣಿದೆ, ಕಿವಿಯಿದೆ, ಶಕ್ತಿಯಿದೆ. ಹೇಳುವವನು ಸತ್ತ ಎಂದು ಎಲ್ಲ ಬಿಟ್ಟು ಕೂತಿವೆಯಲ್ಲ!

ಆ ವರ್ಷ ಪೊಂಗಲ್ ರಜೆಗೆ ಊರಿಗೆ ಹೋದಾಗ ದೊಡ್ಡಿಯ ಪಟ್ಟದ ಹೋರಿ ಸತ್ತು ಕೆಲವು ದಿನಗಳಾಗಿತ್ತು. ಹೊರಗಿನವರಿಗೆ ಇದು ಗೊತ್ತಿರಲಾರದು. ನಮ್ಮವರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬರುವಾಗ ದನಗಳನ್ನು ಹೊಡೆದುಕೊಂಡು ಬಂದವರಂತೆ. ಆ ಸಂತತಿಯದೆಂದು ನಂಬುವ ದೇವರ ಆವುಗಳ, ಅಂದರೆ ದೇವರಿಗೆ ಬಿಟ್ಟ ಹಸುಗಳ, ಮಂದೆ ಈಗಲೂ ಕಂಬಂನಲ್ಲಿದೆ. ಅವುಗಳ ಹಾಲು ಕರೆಯುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ. ಆ ಮಂದೆಗೆ ಒಂದು ಹೋರಿ ರಾಜ. ಅದು ಸತ್ತರೆ ಮನುಷ್ಯರ ಹಾಗೆಯೇ ಶೋಕ ಮಾಡಿ, ಆಮೇಲೆ ಇನ್ನೊಂದಕ್ಕೆ ಪಟ್ಟ ಕಟ್ಟುತ್ತಾರೆ. ನನ್ನ ಸೋದರತ್ತೆ ಅದಕ್ಕೆಂದೇ ಸೀರೆ ಉಟ್ಟು ಹೊರಟಿದ್ದಳು, ನನ್ನನ್ನೂ ಎಳೆದುಕೊಂಡು ಹೋದಳು.

ಬಯಲಿನಲ್ಲಿ ಮಂದೆ ನಿಂತಿತ್ತು. ಎದುರಿಗೆ ಕಬ್ಬಿನ ಹೊರೆ ಇಟ್ಟು ಕರ್ಪೂರ ಹಚ್ಚಿ ಎಲ್ಲರೂ ಹಿಂದೆ ಸರಿದರು. ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುವ ಹೋರಿಯೇ ರಾಜ. ನೆರಳಲ್ಲಿ ಒಂದು ದೊಡ್ಡ ಡುಬ್ಬದ ಬಿಳಿ ಹೋರಿ ನಿಂತಿತ್ತು, ನೋಡಲು ಅದೇ ರಾಜನ ಹಾಗಿತ್ತು. ನಾನು ಅದರ ಕಡೆ ಬೆರಳು ಮಾಡಿದೆ. ಅತ್ತೆ ನನ್ನ ಕೈ ಮೇಲೆ ಪಟ್ಟೆಂದು ಹೊಡೆದಳು.

“ಸುಮ್ಕಿರೇ! ಆರೂ ಕೈ ತೋರ್ಸಕೂಡಾದು. ಅದ್ಕೇ ತೋಣಿದ್ರೆ ಅದು ಬತ್ತೈತೆ.”

ಯಾರೂ ಕೈ ತೋರಿಸಬಾರದು, ಅದಕ್ಕೇ ತೋಚಿದರೆ ಅದು ಬರುತ್ತದೆ ಎಂದರ್ಥ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಲೆಯಿಂದ, ಯಾರೂ ಎಣಿಸಿರದ ಒಂದು ಕಂದು ಬಣ್ಣದ ಸಾದಾ ಹೋರಿ ನಿಧಾನವಾಗಿ ಬಂದು ಕಬ್ಬು ಅಗಿಯತೊಡಗಿತು. ಅಷ್ಟೇ. ಜನ ನೆಲಕ್ಕೆ ಬಿದ್ದು ಕೈಮುಗಿದರು, ಬಿಳಿ ಹೋರಿಯೂ ತನ್ನ ಪಾಡಿಗೆ ಬಾಲ ಬೀಸುತ್ತ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮಂದೆ ಆ ಕಂದು ಹೋರಿಯ ಹಿಂದೆ ಮೇಯಲು ಹೊರಟಿತ್ತು.

ರಜೆ ಮುಗಿಯುವ ಮೊದಲೇ ದಿಂಡಿಗಲ್ಲಿಗೆ ವಾಪಸು ಬಂದೆ. ಬೋಡಿಯಿಂದ ಬಂದ ಬಸ್ಸು, ಕಾಲಿಡಲು ಜಾಗವಿಲ್ಲದಂತೆ ಏಲಕ್ಕಿ ಮೂಟೆಗಳು. ಮೂಟೆಯ ಮೇಲೆಯೇ ಕೂತು ಪ್ರೋಗ್ರಾಮು ಯೋಚಿಸಿದೆ. ಪ್ರತಿ ಯಂತ್ರವೂ ಆಗಾಗ “ನಾನಿದ್ದೇನೆ” ಎಂದು ಕೂಗಬೇಕು. ತಲೆಯ ಕೂಗು ಕೇಳದೆ ಸ್ವಲ್ಪ ಹೊತ್ತಾದರೆ, ಯಾವುದು ಮೊದಲು “ನಾನು ಬರುತ್ತೇನೆ” ಅನ್ನುತ್ತದೋ ಅದೇ ತಲೆ, ಮಿಕ್ಕವು ಒಪ್ಪಬೇಕು. ಮುಗಿದ ಲೆಕ್ಕದ ಪ್ರತಿಗಳು ಎರಡು ಮೂರು ಕಡೆ ಇರಬೇಕು. ಯಾರೂ ಕೈ ತೋರಿಸುವಂತಿಲ್ಲ, ನಾನೂ ತೋರಿಸುವಂತಿಲ್ಲ.

ಮೊದಲ ವಾರ ಸೊಗಸಾಗಿ ನಡೆಯಿತು. ಎರಡನೆಯ ವಾರ ಇಡೀ ಲೆಕ್ಕ ಕಲಸುಮೇಲೋಗರವಾಯಿತು. ಒಂದೇ ಊರಿನ ಬಾವಿಗೆ ಎರಡು ಉತ್ತರ, ಒಂದು ಲೆಕ್ಕದ ಬಾಲಕ್ಕೆ ಇನ್ನೊಂದರ ಮುಂಡ. ಹುಡುಕಿ ಹುಡುಕಿ ಕೊನೆಗೆ ಕಂಡಿತು: ಕೋಣೆಯಲ್ಲಿ ಎರಡು ತಲೆಗಳಿದ್ದವು! ನಾನು ನಮ್ಮ ದೊಡ್ಡಿಯ ಕ್ರಮವನ್ನು ಇದ್ದ ಹಾಗೇ ಇಳಿಸಿದ್ದೆ. ನಮ್ಮ ದೊಡ್ಡಿಯಲ್ಲಿ ಸತ್ತ ರಾಜ ಎದ್ದು ಬರುವುದಿಲ್ಲ. ದಿಂಡಿಗಲ್ಲಿನಲ್ಲಿ ಕರೆಂಟು ಬಂದ ಕೂಡಲೇ ಎದ್ದು ಬರುತ್ತಾನೆ, ಏನೂ ಆಗದವನ ಹಾಗೆ ಮತ್ತೆ ಅಪ್ಪಣೆ ಕೊಡತೊಡಗುತ್ತಾನೆ. ಬೇರೆ ಊರಿನಲ್ಲಿ ಹುಟ್ಟಿದವರು ಯಾರಾದರೂ ಈ ತಪ್ಪು ಮಾಡುತ್ತಿದ್ದರೋ ಇಲ್ಲವೋ! ನಾನಂತೂ ನಕ್ಕೆ, ಆಮೇಲೆ ಹೊಸ ನಿಯಮ ಬರೆದೆ: ಹೋಗಿ ಬಂದದ್ದು ಯಾವುದೇ ಆಗಲಿ, ಹಿಂದೆ ಏನೇ ಆಗಿರಲಿ, ಬಾಗಿಲಲ್ಲಿ ನಿಂತು “ಈಗ ತಲೆ ಯಾರು” ಎಂದು ಕೇಳಿ, ಆಳಾಗಿಯೇ ಒಳಗೆ ಬರಬೇಕು.

ಅಲ್ಲಿಂದ ಮುಂದೆ ಲೆಕ್ಕ ನಿಲ್ಲಲಿಲ್ಲ. ಕರೆಂಟು ಹೋಗಲಿ, ಹಲ್ಲಿ ಫ್ಯೂಸಿನಲ್ಲಿ ಸಾಯಲಿ, ಒಂದು ಯಂತ್ರ ಹೊಗೆ ಬಿಟ್ಟು ಕಣ್ಣು ಮುಚ್ಚಲಿ, ಮಿಕ್ಕವು ಅದರ ಪಾಲು ಎತ್ತಿಕೊಂಡು ಮುಂದೆ ಹೋಗುತ್ತಿದ್ದವು. ಗೆಳತಿ ಬುತ್ತಿ ಬಿಚ್ಚಿ ಊಟ ಮಾಡತೊಡಗಿದಳು. ಹೀಗೇ ಹೋದರೆ ಫೆಬ್ರವರಿ ಕೊನೆಗೆ ಲೆಕ್ಕ ಮುಗಿಯುತ್ತಿತ್ತು.

ಆಗ ಬಂದರು ನಮ್ಮ ಕರೆಸ್ಪಾಂಡೆಂಟು. ಅಂದರೆ ಕಾಲೇಜಿನ ಒಡೆಯರು. ಮಾರ್ಚಿನಲ್ಲಿ ಪರಿಶೀಲನಾ ತಂಡ ಬರುವುದಿತ್ತು, ಅವರಿಗೆ ತೋರಿಸಲು ಏನಿದೆ ಎಂದು ನೋಡುತ್ತ ನನ್ನ ಕೋಣೆಗೂ ಬಂದರು, ಹಿಂದೆ ಪ್ರಿನ್ಸಿಪಾಲರು. ಬಿಳಿ ಅಂಗಿ, ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು. ತಮಿಳಿನಲ್ಲಿ ಕೇಳಿದರು, ಅದೇ ಪ್ರಶ್ನೆ.

“ತಲೆ ಯಾವುದಮ್ಮಾ?”

“ಈ ಗಳಿಗೆಯಲ್ಲಿ ಮೂಲೆಯದು ಸಾರ್. ಮಧ್ಯಾಹ್ನ ಇನ್ನೊಂದಾಗಬಹುದು.”

“ಅದೆಂಥಾದ್ದು? ಯಾರು ಬೇಕಾದರೂ ತಲೆಯಾಗಬಹುದು ಅಂತೀಯಾ?”

“ಹೌದು ಸಾರ್. ಅದಕ್ಕೇ ನಡೆಯುತ್ತಿದೆ.”

ಅವರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಗೋಡೆ ನೋಡಿದರು. ಕರೆಸ್ಪಾಂಡೆಂಟರು ಮತ್ತೆ ನನ್ನ ಕಡೆ ತಿರುಗಿದರು. “ಬಂದವರಿಗೆ ನಾನು ಏನು ತೋರಿಸಲಿ? ಇದು ಹಾಳು ಬಿದ್ದ ಗಿರಣಿಯ ಸಾಮಾನಿನ ಹಾಗಿದೆ. ಒಂದು ದೊಡ್ಡ ಮೆಷಿನ್ ತರಿಸುತ್ತೇನೆ. ಅದು ತಲೆ. ಮಿಕ್ಕ ಯಾವುದೂ ತಲೆಯಾಗಕೂಡದು. ಹಾಗೆ ಮಾಡಿಬಿಡು.”

ಮಾಡಿಬಿಡು! ಸಾರು ಬಿಸಿ ಮಾಡಿಬಿಡು ಅಂದ ಹಾಗೆ. ನಾನು ಸಾಧ್ಯವಿಲ್ಲ ಎಂದೆ. ಒಂದೇ ತಲೆ ಇಟ್ಟರೆ ಅದು ಮಲಗಿದ ದಿನ ಎಲ್ಲವೂ ಮಲಗುತ್ತದೆ, ಒಬ್ಬರ ಪ್ರಬಂಧ ಇದರ ಮೇಲೆ ನಿಂತಿದೆ, ಮಾರ್ಚ್ ದಾಟಿದರೆ ಅವರ ಬದುಕು ಬೀದಿಗೆ ಬರುತ್ತದೆ ಎಂದೆ. ದನಿ ಏರಿತ್ತು, ನನಗೇ ಗೊತ್ತಾಯಿತು. ಬಾಗಿಲ ಹತ್ತಿರ ನಿಂತಿದ್ದ ಗೆಳತಿ ಬೇಡ ಬೇಡ ಎಂದು ಕಣ್ಸನ್ನೆ ಮಾಡುತ್ತಿದ್ದಳು.

ಕರೆಸ್ಪಾಂಡೆಂಟರು ಕೋಪಿಸಿಕೊಳ್ಳಲಿಲ್ಲ. ಅದೇ ನನಗೆ ಇನ್ನೂ ಸಹಿಸಲಾಗದ್ದು. ನಕ್ಕು ಕೇಳಿದರು, “ಇದು ತನ್ನಷ್ಟಕ್ಕೆ ತಾನೇ ನಡೆಯುತ್ತದೆ ಅಂದೆಯಲ್ಲ?”

“ನಡೆಯುತ್ತದೆ.”

“ಹಾಗಾದರೆ ನೀನು ಇಲ್ಲಿ ಏನು ಮಾಡುತ್ತೀಯಾ? ಹೋಗಿ ಒಂದನೇ ವರ್ಷದವರಿಗೆ ಪಾಠ ಮಾಡು. ಕೀಲಿ ಕೊಡು.”

ಕೀಲಿ ಕೊಟ್ಟೆ. ಹಲ್ಲು ಕಚ್ಚಿಕೊಂಡು ಕೊಟ್ಟೆ. ಮರುದಿನ ಬಾಗಿಲಿಗೆ ಊರಿಗೇ ಹೆಸರು ತಂದ, ಅಂಗೈ ಅಗಲದ ದಿಂಡಿಗಲ್ ಬೀಗ ಬಿತ್ತು, ನಾನು ಆ ಕಡೆ ಸುಳಿಯಬಾರದೆಂದು ಕಾವಲುಗಾರನಿಗೆ ಹೇಳಿಟ್ಟರು. ವರ್ಷವಿಡೀ ಆ ಯಂತ್ರಗಳ ಧೂಳು ಒರೆಸಿ ನನ್ನ ಉಗುರು ಸಂದಿಯಲ್ಲಿ ಹತ್ತಿ ಕೂತಿತ್ತು. ನನಗೆ ಪ್ರವೇಶವಿಲ್ಲ!

ಹೊಸ ಯಂತ್ರ ಬಂತು. ಅಂಗಡಿಯಿಂದ ಬಂದವನು ಹಳೆಯದೊಂದರ ಡಿಸ್ಕನ್ನು, ನನ್ನ ನಿಯಮಗಳ ಸಮೇತ, ಹಾಗೇ ಅದಕ್ಕೆ ನಕಲು ಮಾಡಿ, ತಂತಿ ಸಿಕ್ಕಿಸಿ, ಇಂಗ್ಲಿಷಿನಲ್ಲಿ ‘ಮೇನ್’ ಎಂದು ಬರೆದ ಚೀಟಿ ಅಂಟಿಸಿ ಹೋದನು. ಅದಕ್ಕೆ ಬೇರೆ ಮೇಜು, ಗಾಜಿನ ಗೂಡು, ಹಣೆಗೆ ಗಂಧ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಗಾಜಿನ ಗೂಡಿಗೆ ಎ.ಸಿ. ಬೇರೆ. ಸಂಜೆ ಎ.ಸಿ. ನಿಲ್ಲಿಸುವಾಗ ಯಂತ್ರ ಬಿಸಿಯಾಗಬಾರದೆಂದು ಅದನ್ನೂ ಆರಿಸಬೇಕು ಎಂದು ಕರೆಸ್ಪಾಂಡೆಂಟರ ಆಜ್ಞೆ. ದಿನಾ ಸಂಜೆ ಕಾವಲುಗಾರ ಬಂದು ತಲೆಯನ್ನು ಆರಿಸಿ ಹೋಗುತ್ತಿದ್ದ. ಇದನ್ನೆಲ್ಲ ನನಗೆ ಹೇಳಿದ್ದು ಗೆಳತಿ. ಅವಳನ್ನು ಯಾರೂ ತಡೆದಿರಲಿಲ್ಲ, ಅವಳಿಂದ ಯಾರಿಗೂ ಭಯವಿರಲಿಲ್ಲವಲ್ಲ.

ಆ ವಾರಗಳಲ್ಲಿ ನಾನು ಪಟ್ಟ ಸಂಕಟ ನನಗೇ ಗೊತ್ತು. ಪ್ರೋಗ್ರಾಮು ಬರೆದವಳು ನಾನೇ, ಆದರೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಯಾರೂ ನೋಡದ ಕಡೆ ಯಾವುದಾದರೂ ನೆಟ್ಟಗೆ ನಡೆದದ್ದನ್ನು ನಾನು ಆವರೆಗೆ ಕಂಡಿರಲಿಲ್ಲ. ಕಿಟಕಿಯ ಹೊರಗೆ ನಿಂತರೆ ಫ್ಯಾನುಗಳ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಕಾವಲುಗಾರ ಕೆಮ್ಮುವವರೆಗೆ ನಿಂತು, ಸದ್ದು ಹಿಂದಿನ ದಿನಕ್ಕಿಂತ ತೆಳುವಾಗಿದೆಯೇ ಎಂದು ಆಲಿಸುತ್ತಿದ್ದೆ. ತೆಳುವಾಗುತ್ತಲೇ ಇತ್ತು. ಕೆಟ್ಟದ್ದನ್ನು ಎಬ್ಬಿಸುವವರು ಅಲ್ಲಿ ಯಾರೂ ಇರಲಿಲ್ಲ. ಗೆಳತಿ ಮಧ್ಯಾಹ್ನ ಬಂದು ಹೇಳುತ್ತಿದ್ದಳು, “ಇವತ್ತು ಇನ್ನೊಂದು ಹೋಯಿತು.” ಆಮೇಲೆ, “ಆದರೂ ಲೆಕ್ಕ ನಡೆಯುತ್ತಿದೆ” ಅನ್ನುತ್ತಿದ್ದಳು. ಹೋದದ್ದರ ಪಾಲನ್ನು ಇದ್ದವು ಹೊರುತ್ತಿದ್ದವು. ಪ್ರತಿ ಸಾವಿಗೂ ಲೆಕ್ಕ ನಿಧಾನವಾಗುತ್ತಿತ್ತು, ಫೆಬ್ರವರಿ ಮುಗಿದೇ ಹೋಯಿತು, ಮಾರ್ಚ್ ಅರ್ಧ ಕಳೆಯಿತು. ಅವಳ ಮುಖ ಒಣಗಿ ಹೋಗಿತ್ತು. ಒಂದು ಮಾತು ಕರೆಸ್ಪಾಂಡೆಂಟರಿಗೆ ಹೇಳು, ಕೆಟ್ಟವನ್ನು ರಿಪೇರಿ ಮಾಡಿಸಲಿ ಎಂದರೆ, “ನನಗೆ ಹೇಗೆ ಹೇಳಲಿ ಅಂತ ಗೊತ್ತಾಗುವುದಿಲ್ಲ” ಅಂದಳು. ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ನಾನು ಪಾಠ ಮಾಡುತ್ತಿದ್ದಾಗ ಅವಳು ತರಗತಿಯ ಬಾಗಿಲಿಗೇ ಬಂದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು. “ಮುಗಿದಿದೆ” ಎಂದಳು. ನಾಲ್ಕು ಹಳೆಯವು ಮಾತ್ರ ಉಸಿರಾಡುತ್ತಿದ್ದವಂತೆ. ಅವುಗಳಲ್ಲಿ ತಲೆ ಯಾವುದಾಗಿತ್ತು ಎಂದು ಕೇಳಿದೆ. ಕೀಬೋರ್ಡೂ ಇಲ್ಲದ, ಮುಚ್ಚಳ ಹೋದ ಮೇಲೆ ನಾವು ಬೆಂಚಿನ ಕೆಳಗೆ ತಳ್ಳಿದ್ದ ಒಂದಂತೆ. ಕುಂಕುಮ ಹಚ್ಚಿಕೊಂಡದ್ದು ಅಷ್ಟೂ ದಿನ ಬೆಳಿಗ್ಗೆ ಕಣ್ಣು ಬಿಟ್ಟು, ಬಾಗಿಲಲ್ಲಿ ನಿಂತು ವಿಚಾರಿಸಿ, ಆ ಮುಚ್ಚಳ ಹೋದದ್ದು ಕೊಟ್ಟ ಕೆಲಸ ಮಾಡಿ, ಸಂಜೆ ಮಲಗುತ್ತಿತ್ತು. ಒಂದು ದಿನವೂ ತಲೆಯಾಗಲಿಲ್ಲ. ನಾನು ಚಾಕ್‌ಪೀಸು ಹಿಡಿದೇ ಅತ್ತೆ.

ಪ್ರಬಂಧ ಗಡುವಿನೊಳಗೆ ಮಧುರೆಯ ವಿಶ್ವವಿದ್ಯಾಲಯ ಸೇರಿತು. ಆ ತಿಂಗಳ ಕೊನೆಗೆ ತಂಡ ಬಂತು, ಗಾಜಿನ ಗೂಡು ನೋಡಿತು, ಹೊಗಳಿತು. ಕರೆಸ್ಪಾಂಡೆಂಟರು ಹಾರ ಹಾಕಿದ ಯಂತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಯಂತ್ರಕ್ಕೊಂದು ಶಾಲು ಕೂಡ ಹೊದಿಸಿದ್ದರು. ಶಾಲು! ನನ್ನನ್ನು ಆ ದಿನ ಊಟದ ಪಂಕ್ತಿಯಲ್ಲಿ ನೀರು ಬಡಿಸುವುದನ್ನು ನೋಡಿಕೊಳ್ಳಲು ಹಾಕಿದ್ದರು.

ಬೇಸಿಗೆ ರಜೆ ಮುಗಿದು ಗೆಳತಿಯ ಡಾಕ್ಟರೇಟು ಖಚಿತವಾಯಿತು, ಅವಳ ಕೆಲಸ ಕಾಯಂ ಆಯಿತು. ಅದೇ ವಾರ ನನ್ನನ್ನು ಕರೆಸಿದರು. ನನ್ನದು ವರ್ಷಕ್ಕೊಮ್ಮೆ ಮುಂದುವರಿಸುವ ಕೆಲಸ.

“ಈ ವರ್ಷ ಮುಂದುವರಿಸುತ್ತಿಲ್ಲ,” ಎಂದರು ಕರೆಸ್ಪಾಂಡೆಂಟರು. “ತಪ್ಪು ತಿಳಿಯಬೇಡ. ನೀನೇ ಹೇಳಿದ್ದೆ. ನೀನಿಲ್ಲದೆಯೂ ಎಲ್ಲ ಚೆನ್ನಾಗಿ ನಡೆಯಿತು.”

“ನೀವಿಲ್ಲದೆಯೂ ನಡೆಯಿತು ಸಾರ್,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಶಾಲು ಹೊದ್ದ ಯಂತ್ರ ಏನು ಮಾಡುತ್ತಿತ್ತು, ಯಾರ ಮಾತು ಕೇಳುತ್ತಿತ್ತು, ಅದು ಮಲಗಿದ ಮೇಲೆ ಕೆಲಸ ಯಾರು ಮಾಡುತ್ತಿದ್ದರು, ಎಲ್ಲ. ಅವರು ನನಗೆ ಕೂರಲು ಹೇಳಿರಲಿಲ್ಲ. ನಾನು ನಿಂತೇ ಹೇಳಿದೆ, ಪೂರ್ತಿ ಹೇಳಿದೆ. ಅವರ ಮುಖ ಕೆಂಪಗಾಯಿತು. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಮತ್ತೆ ಗೋಡೆ ನೋಡಿದರು. “ಹೋಗು” ಎಂದರು ಕರೆಸ್ಪಾಂಡೆಂಟರು. ಅವರು ಹೇಳುವ ಮೊದಲೇ ನಾನು ಬಾಗಿಲ ಹತ್ತಿರ ಬಂದಿದ್ದೆ.

ಗೆಳತಿ ದಿಂಡಿಗಲ್ ಬಸ್ ಸ್ಟ್ಯಾಂಡಿನವರೆಗೆ ಬಂದಳು. ನನ್ನ ಪೆಟ್ಟಿಗೆಯ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಮ್ಮೂರ ಕಡೆಯ ತೇನಿ ಬಸ್ಸು ಹೊರಡಲು ಸದ್ದು ಮಾಡುತ್ತಿತ್ತು. ಅವಳು ಅಲ್ಲಿ ನಿಂತು ಅಳತೊಡಗಿದಳು. ನಿನ್ನದು ಹೋಗಿ ನನ್ನದು ಉಳಿಯಿತಲ್ಲ, ನಾನು ಒಂದು ಮಾತೂ ಆಡಲಿಲ್ಲವಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಜನ ನೋಡುತ್ತಿದ್ದರು. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಆ ಬಿಳಿ ಪಂಚೆಯವರ ಮೇಲೂ ಬಂದಿರಲಿಲ್ಲ.

“ಅಳಬೇಡ,” ಎಂದೆ. “ಸಿಟ್ಟು ಮಾಡಿಕೋ. ನಿನಗೀಗ ಕಾಯಂ ಕೆಲಸ ಇದೆ. ಇನ್ನಾದರೂ ಸಿಟ್ಟು ಮಾಡಿಕೋ.”